ಅಳೆಯದೆ ಕೂಡಿಸಿದ ಪ್ಯಾಡು

ಅಕ್ಟೋಬರ್ 1, ಬುಧವಾರ. ಖಂಡೇನವಮಿ

ಬೆಳಿಗ್ಗೆ ಗ್ಯಾರೇಜು ತೊಳೆದೆವು. ಕಂಪ್ರೆಸರ್‌ಗೆ ಚೆಂಡುಹೂವಿನ ಮಾಲೆ. ನಟ್ಟು ಬಿಚ್ಚುವ ಪಾನಾಗಳನ್ನು ಪಾಲುದಾರ ಇಮಾಮುದ್ದೀನ ಹೊರಗೇ ಇಟ್ಟುಕೊಂಡ — ತುರ್ತಿನ ಗಾಡಿ ಬಂದರೆ ಬೇಕಲ್ಲ. ಅಳತೆ ತೆಗೆಯುವ ನನ್ನ ವರ್ನಿಯರ್ ಮಾತ್ರ ಪ್ರತಿವರ್ಷದಂತೆ ಮಣೆಯ ಮೇಲೆ, ವಿಭೂತಿ ಹಚ್ಚಿಸಿಕೊಂಡು ಕೂತಿತು. ನಾಳೆ ಬನ್ನಿ ಕೊಟ್ಟು ಮುಗಿಯುವವರೆಗೆ ಎತ್ತುವಂತಿಲ್ಲ.

ಮಧ್ಯಾಹ್ನ ಮಿಶ್ರಿಕೋಟಿಯಿಂದ ದಾನೇಶ್ವರಿ ಬಂದಳು. ನನ್ನ ತಮ್ಮ ಸಿದ್ಧಾರೂಢನ ಮಗಳು. ಹುಬ್ಬಳ್ಳಿ ಕಾಲೇಜಿನಲ್ಲಿ ಪಾಠ ಹೇಳುತ್ತಾಳೆ. ಅವಳದು ಎರಡೇ ಸೀಟಿನ ಕೆಂಪು ಸ್ಪೋರ್ಟ್ಸ್ ಕಾರು, ಹಳೆಯ ಮಾಡೆಲ್. ಬ್ರೇಕ್ ಪ್ಯಾಡು ಈಗ ಎಲ್ಲೂ ಸಿಗುವುದಿಲ್ಲ. ಅದರ ನಂತರದ ಮಾಡೆಲ್‌ನವನ್ನು ಎರಡು ಸೆಟ್ ತರಿಸಿದ್ದಳು.

"ನೆಟ್ಟಿನ್ಯಾಗ ಒಬ್ಬಾಂವ ಕೂಡತಾವ ಅಂತಾನ, ಇನ್ನೊಬ್ಬಾಂವ ಕೂಡಂಗಿಲ್ಲ ಅಂತಾನ. ನೀವು ಹೇಳಿದ್ರ ಮುಗೀತು ನೋಡ್ರಿ ದೊಡ್ಡಪ್ಪ."

ಹಳೆಯದರ ಮೇಲೆ ಹೊಸದನ್ನಿಟ್ಟು ನೋಡಿದೆ. ಹಿಂದಿನ ತಗಡು ಅದೇ ಆಕಾರ. ಪಿನ್ನಿನ ತೂತುಗಳೂ ಕೂಡಿದವು.

"ವರ್ನಿಯರ್ ತಗೋರಿ ಗುರುಗಳ," ಅಂದ ಇಮಾಮುದ್ದೀನ. "ದೇವರೇನು ಕೈ ಹಿಡಿಯಂಗಿಲ್ಲ."

"ಪೂಜಿಗೆ ಇಟ್ಟದ್ದು ಎತ್ತಬಾರದಲೇ. ನನ್ನ ಕಣ್ಣೇನು ಹೋಗ್ಯಾವೇನು?"

ಪೂಜೆಗೆ ಬಂದವರೆಲ್ಲ ನಕ್ಕರು. ಅವರ ಮುಂದೆ ಬರಿಗಣ್ಣಿನಿಂದಲೇ ಹೇಳಿಬಿಡುವ ಆಸೆ ನನಗೆ. ಕೂಡತಾವ ಅಂದೆ. ಪ್ಯಾಡು ಹಾಕಿದೆವು. ಡಿಸ್ಕಿನ ಅಂಚಿಗಿಂತ ಒಂದಿಷ್ಟು ಮೇಲೆ ಕಂಡಂತಾಯಿತು... ಬೆಳಕಿನ ಭ್ರಮೆಯಿರಬೇಕು.

ಅಕ್ಟೋಬರ್ 3, ಶುಕ್ರವಾರ

ವರ್ನಿಯರ್ ಎತ್ತಿದೆ. ಉಳಿದ ಸೆಟ್ ಇಲ್ಲೇ ಇತ್ತು. ಅಳೆದೆ.

ತಗಡು ಅದೇ. ಆದರೆ ಉಜ್ಜುವ ಭಾಗ ನಾಲ್ಕು ಮಿಲಿಮೀಟರ್ ಹೆಚ್ಚು ಎತ್ತರ. ಹೊಸ ಮಾಡೆಲ್‌ನ ಡಿಸ್ಕು ದೊಡ್ಡದು, ಅದಕ್ಕೆ ಸರಿ. ಇವಳ ಡಿಸ್ಕಿನಲ್ಲಿ ಮೇಲಂಚು ಹೊರಗೇ ಉಳಿಯುತ್ತದೆ. ಈಗೇನೂ ಆಗುವುದಿಲ್ಲ. ಪ್ಯಾಡು ಸವೆದಂತೆ ಆ ಅಂಚು ಮಾತ್ರ ಸವೆಯದೆ ನಿಲ್ಲುತ್ತದೆ. ಒಂದು ದಿನ ಡಿಸ್ಕಿನ ಎರಡೂ ಬದಿಯ ಪ್ಯಾಡುಗಳ ಅಂಚುಗಳು ಒಂದಕ್ಕೊಂದು ತಾಗುತ್ತವೆ. ಆಮೇಲೆ ಎಷ್ಟು ಒತ್ತಿದರೂ ಬ್ರೇಕು ಹಿಡಿಯದು.

ಫೋನು ಕೈಗೆ ತೆಗೆದುಕೊಂಡೆ. ಎಲ್ಲರ ಮುಂದೆ ಆಡಿದ ಮಾತು ನೆನಪಾಯಿತು. ಕೆಳಗಿಟ್ಟೆ. ಸವೆಯಲು ತಿಂಗಳುಗಟ್ಟಲೆ ಬೇಕು. ಸರ್ವಿಸಿನ ನೆವ ಹೇಳಿ ಕರೆಸಿ, ಸದ್ದಿಲ್ಲದೆ ಬಿಚ್ಚಿದರಾಯಿತು.

ಇಮಾಮುದ್ದೀನನಿಗೂ ಹೇಳಲಿಲ್ಲ.

ಅಕ್ಟೋಬರ್ 19, ಭಾನುವಾರ

ದಾನೇಶ್ವರಿಯದೇ ಫೋನು. ಯಲ್ಲಾಪುರದ ಘಟ್ಟ ಇಳಿದು ಬಂದಳಂತೆ.

"ಬ್ರೇಕ್ ಅಗದಿ ಮಸ್ತ್ ಹಿಡೀತಾವ್ರಿ ದೊಡ್ಡಪ್ಪ!"

"ಸರ್ವಿಸಿಗೆ ಒಮ್ಮೆ ತಗೊಂಡ ಬಾರವಾ."

"ದೀಪಾವಳಿ ಆಗ್ಲಿ ತಡೀರಿ."

ಆಗಲಿ ಅಂದೆ. ಕಾರಣ ಹೇಳಿದ್ದರೆ ಇವತ್ತೇ ಬರುತ್ತಿದ್ದಳು.

ಡಿಸೆಂಬರ್ 1, ಸೋಮವಾರ

ದೀಪಾವಳಿ ಆಗಿ ತಿಂಗಳು ದಾಟಿತು. ನಾನು ಮತ್ತೆ ಕರೆಯಲಿಲ್ಲ.

ನಿನ್ನೆ ಸಂಜೆ ದಾನೇಶ್ವರಿ ಕಾರನ್ನು ಕಬ್ಬಿನ ಟ್ರೇಲರ್‌ಗೆ ಹಿಂದಿನಿಂದ ಹೊಡೆದಿದ್ದಾಳೆ. ಅವಳಿಗೆ ಏನೂ ಆಗಿಲ್ಲ. ಪಕ್ಕದಲ್ಲಿ ಅವಳ ತಾಯಿ ಶೈಲಾ ಇದ್ದಳು. ಬಲಗೈ ಮುರಿದಿದೆ. ಆಸ್ಪತ್ರೆಗೆ ಹೋಗಿದ್ದೆ. ದಾನೇಶ್ವರಿ ಗೋಡೆಗೆ ಆತು ನಿಂತಿದ್ದಳು.

"ನಾನಽ ಲೇಟ್ ಮಾಡಿದೆ ದೊಡ್ಡಪ್ಪ. ಬ್ರೇಕ್ ಒತ್ತೂದು ಲೇಟ್ ಆತು."

ಬೆನ್ನು ಸವರಿದೆ. ಅಷ್ಟೇ!

ಡಿಸೆಂಬರ್ 2, ಮಂಗಳವಾರ

ಗಾಡಿ ಎಳೆದು ತಂದರು. ಚಕ್ರ ಬಿಚ್ಚಿದೆವು. ನಾನು ಎಣಿಸಿದಂತೆಯೇ. ಪ್ಯಾಡಿನ ಅಂಚು ದಡದ ಹಾಗೆ ಎದ್ದು ನಿಂತಿದೆ.

"ಇದಕ್ಕಽ ನಾ ಅಳೀರಿ ಅಂದದ್ದು," ಅಂದ ಇಮಾಮುದ್ದೀನ. ಆಮೇಲೆ ನನ್ನ ಮುಖ ನೋಡಿ ದನಿ ತಗ್ಗಿಸಿದ. "ಇರ್ಲಿ ಬಿಡ್ರಿ. ಯಾರಿಗೆ ಗೊತ್ತಿತ್ತು."

ಡಿಸೆಂಬರ್ 4, ಗುರುವಾರ

ಪ್ಯಾಡುಗಳನ್ನು ಚೀಲದಲ್ಲಿ ಹಾಕಿಕೊಂಡು ಮಿಶ್ರಿಕೋಟಿಗೆ ಹೋದೆ. ಶೈಲಾಳ ಕೈಗೆ ಪ್ಲಾಸ್ಟರ್. ಚಹಾ ಬಂತು. ಸಿದ್ಧಾರೂಢ ಕೀಲಿ ತಂದು ನನ್ನ ಮುಂದಿಟ್ಟ.

"ಗಿರಾಕಿ ನೋಡಣ್ಣ, ಮಾರಿಬಿಡೂಣು. ಇಕಿ ಕೈಯಾಗ ಇನ್ನ ಸ್ಟೇರಿಂಗ್ ಬ್ಯಾಡ."

"ಅಪ್ಪ ಹೇಳೂದು ಖರೇ ಐತ್ರಿ," ಅಂದಳು ದಾನೇಶ್ವರಿ, ತಲೆ ಎತ್ತದೆ.

ಕೀಲಿಯನ್ನು ಅವಳ ಕಡೆ ಸರಿಸಿದೆ. ಪ್ಯಾಡು ತೆಗೆದು ತೋರಿಸಿದೆ.

"ನಿಂದೇನೂ ತಪ್ಪಿಲ್ಲವಾ. ನೀ ಒತ್ತಿದ್ದಿ, ಇವು ಹಿಡೀಲಿಲ್ಲ. ಕೂಡತಾವ ಅಂದಾಂವ ನಾ. ಅಳೀದಽ ಅಂದೆ."

ಸಿದ್ಧಾರೂಢ ಪ್ಯಾಡನ್ನು ಮಗಳ ಕಡೆ ದೂಡಿದ. ಶೈಲಾಳೇ ಮಾತಾಡಿದಳು. "ಹೋಗ್ಲಿ ಬಿಡ್ರಿ ಭಾವಾರ. ಗೊತ್ತಿಲ್ಲದ ಆದದ್ದಕ್ಕ ಯಾರೇನು ಮಾಡೂದು?"

ದಾನೇಶ್ವರಿ ಪ್ಯಾಡು ಕೈಗೆತ್ತಿಕೊಂಡು ಅಂಚಿನ ಮೇಲೆ ಬೆರಳಾಡಿಸಿದಳು. ಪಾಠ ಹೇಳುವವಳು, ಕೇಳದೆ ಬಿಡುವುದಿಲ್ಲ.

"ಯಾವಾಗ ಗೊತ್ತಾತ್ರಿ ದೊಡ್ಡಪ್ಪ? ಮೊನ್ನೆ ಬಿಚ್ಚಿದಾಗ?"

ಹೌದು ಅಂದುಬಿಟ್ಟೆ.

"ನೀವಾಗೇ ಬಂದು ಅಪ್ಪನ ಮುಂದ ಹೇಳಿದ್ರಲ್ರಿ. ಬ್ಯಾರೆ ಯಾರೂ ಹೇಳ್ತಿರಲಿಲ್ಲ," ಅಂತ ಬಗ್ಗಿ ಕಾಲು ಮುಟ್ಟಿದಳು. ತಲೆಯ ಮೇಲೆ ಕೈಯಿಟ್ಟು ಹರಸಬೇಕಿತ್ತು. ಅಕ್ಟೋಬರ್ ಮೂರರಂದೇ ವರ್ನಿಯರ್ ಹಿಡಿದು ಎಲ್ಲ ತಿಳಿದಿದ್ದ ಆ ಕೈಯಿಂದ ಖಾಲಿ ಚೀಲ ಎತ್ತಿಕೊಂಡೆ.