ಸರಿಯಾದ ಬೆಳಕಿಗೆ ಮುಂಚೆ

ಅಪ್ಪಾ,

ಗೋಡೆಗೆ ಹಾಕುವುದಕ್ಕೆ ನಿಮ್ಮದೊಂದು ಫೋಟೋ ಆರಿಸಲು ಇವತ್ತು ಅಕ್ಕ ಸ್ಟುಡಿಯೋಗೆ ಬಂದಿದ್ದಳು. ಕಂಪ್ಯೂಟರಿನಲ್ಲಿ ಎಷ್ಟು ಹುಡುಕಿದರೂ ನೀವು ಸುಮ್ಮನೆ ಕೂತಿರುವುದು ಒಂದೂ ಇಲ್ಲ. ಒಂದರಲ್ಲಿ ಕೈ ಎತ್ತಿದ್ದೀರಿ, ಇನ್ನೊಂದರಲ್ಲಿ ಹುಬ್ಬು ಗಂಟಿಕ್ಕಿದ್ದೀರಿ, ಮಿಕ್ಕಿದ್ದರಲ್ಲೆಲ್ಲ ಬಾಯಿ ತೆರೆದೇ ಇದೆ.

"ಊರವರಿಗೆಲ್ಲ ಚೆಂದಚೆಂದ ಫೋಟೋ ತೆಗೀತೀಯ. ಅಪ್ಪಂದು ಒಂದಾದ್ರೂ ನೆಟ್ಟಗಿಲ್ವಲ್ಲೇ!" ಎಂದಳು.

ಅವಳಿಗೇನು ಗೊತ್ತು? ಗಿರಾಕಿ ಕನ್ನಡಿಯ ಮುಂದೆ ತಲೆ ಬಾಚಿಕೊಳ್ಳುವಾಗ ಅವರ ಸ್ಟೂಲಿನ ಮೇಲೆ ನೀವು ಕೂತು, ನನಗೆ ಲೈಟು ಹೊಂದಿಸುವುದನ್ನು ಕಲಿಸುತ್ತಿದ್ದಿರಿ. ಬೆಳಕು ನೋಡಲು ನಿಮ್ಮದೇ ಫೋಟೋ ತೆಗೆದು ತೋರಿಸಿದ್ದಕ್ಕೆಲ್ಲ ಬೈಗುಳವೇ. "ಮೂಗಿನ ನೆರಳು ತುಟಿ ಮೇಲೆ ಬಿದ್ದು ಮೀಸೆ ಬಂದ ಹಾಗಿದೆ. ಲೈಟ್ ಕೆಳಗಿಳಿಸು!" ಆ ಬೈಗುಳ ಮುಗಿಯುವ ಮೊದಲೇ ನಾನು ಮತ್ತೊಂದು ಕ್ಲಿಕ್ಕಿಸುತ್ತಿದ್ದೆ. ಕೊನೆಗೆ "ಹಾಂ, ಈಗ ಬಂತು ನೋಡು" ಎಂದವರೇ ಎದ್ದುಬಿಡುತ್ತಿದ್ದಿರಿ. ಆ ಬೆಳಕಿನಲ್ಲಿ ಗಿರಾಕಿ ಬಂದು ಕೂರುತ್ತಿದ್ದರು.

ಬಾಯಿ ತೆರೆದಿರುವುದರಲ್ಲೇ ಒಂದನ್ನು ಆರಿಸಿದೆವು.

"ಇದ್ರಲ್ಲಿ ಏನ್ ಹೇಳ್ತಿದಾರೇ ಅಪ್ಪ?"

"ಲೈಟ್ ಕೆಳಗಿಳಿಸು ಅಂತ."

ಅಕ್ಕ ನಕ್ಕಳು. ನಗುತ್ತಲೇ ಸೆರಗಿನಿಂದ ಮೂಗು ಒರೆಸಿಕೊಂಡಳು.

ಅವಳು ಹೋದ ಮೇಲೆ ಅರ್ಜಿಗೆ ಫೋಟೋ ಬೇಕೆಂದು ಒಬ್ಬರು ಬಂದರು. ಅವರು ತಲೆ ಬಾಚಿಕೊಂಡು ಬರುವಷ್ಟರಲ್ಲಿ ನಾನು ಖಾಲಿ ಸ್ಟೂಲಿಗೇ ಲೈಟು ಹೊಂದಿಸಿದೆ. ಬೈಸಿಕೊಳ್ಳದೆಯೇ ಸರಿಹೋಯಿತು, ಅಪ್ಪಾ.

"ಕೂತ್ಕೊಳ್ಲಾ ಮೇಡಂ?" ಎಂದರು.

"ಒಂದ್ ನಿಮಿಷ ಇರಿ" ಎಂದೆ, ಬೆಳಕು ಬಿದ್ದ ಆ ಖಾಲಿ ಸ್ಟೂಲನ್ನೇ ನೋಡುತ್ತ.

ಪಾಪ, ಅವರು ಬಾಚಣಿಗೆ ಹಿಡಿದುಕೊಂಡು ನಿಂತೇ ಇದ್ದರು.