ಹುಮಾಗೆ ಅರ್ಥವಾಗದ ಮಾತು

ನಾರೋವಾಲ್
2 ಏಪ್ರಿಲ್ 1997

ಪ್ರೀತಿಯ ತಮ್ಮ ಮಂಜೂರ್,

ಸಲಾಂ, ಜೊತೆಗೆ ಅಕ್ಕನ ಆಶೀರ್ವಾದ. ಮಸ್ಕತ್ತಿನಲ್ಲಿ ಆಗಲೇ ಬಿಸಿಲು ಏರಿದೆಯಂತೆ, ಹೇಗಿದ್ದೀಯ? ಬೆನ್ನುನೋವು ಕಡಿಮೆಯಾಯಿತೇ? ದಿನವಿಡೀ ಕ್ರೇನಿನ ಮೇಲೆ ಕೂರುವವನು, ಕೋಣೆಯ ಹುಡುಗರ ಕೈಯಲ್ಲಾದರೂ ಸಾಸಿವೆ ಎಣ್ಣೆ ತಿಕ್ಕಿಸಿಕೊ, ನಾಚಿಕೊಳ್ಳಬೇಡ. ನಿನ್ನ ಭಾವ, ಮಕ್ಕಳು ಎಲ್ಲ ಕ್ಷೇಮ. ಗೋಧಿ ಬಣ್ಣ ತಿರುಗುತ್ತಿದೆ. ಎಮ್ಮೆ ಹೆಣ್ಣುಗರು ಹಾಕಿದೆ.

ಈ ಕಾಗದ ನೋಡಿ ನಗಬೇಡ. ಇಷ್ಟು ವರ್ಷ ನಿನಗೆ ಉರ್ದುವಿನಲ್ಲೇ ಬರೆದೆ. ನಾವೆಲ್ಲ ಹಾಗೆಯೇ ಅಲ್ಲವೇ, ಜಗಳವಾಡುವುದು ಪಂಜಾಬಿಯಲ್ಲಿ, ಕಾಗದ ಬರೆಯುವುದು ಉರ್ದುವಿನಲ್ಲಿ. ಆದರೆ ಬೇಬೇ ವಿಷಯ ಬರೆಯಲು ಕೂತರೆ ಉರ್ದು ಕೈಗೇ ಬರಲಿಲ್ಲ. ನಮ್ಮನ್ನು ಚಪ್ಪಲಿ ಹಿಡಿದು ಗದ್ದೆಯ ಬದುವಿನುದ್ದಕ್ಕೂ ಅಟ್ಟಿಸಿಕೊಂಡು ಬರುತ್ತಿದ್ದ ಅಮ್ಮನನ್ನು "ಪೂಜ್ಯ ಮಾತೃಶ್ರೀಯವರು" ಎಂದು ಹೇಗೆ ಬರೆಯಲಿ? ಅದಕ್ಕೇ ಅದೇ ಅಕ್ಷರದಲ್ಲಿ ನಮ್ಮ ಮಾತನ್ನೇ ಬರೆಯುತ್ತಿದ್ದೇನೆ. ರಾವಿಯ ಆಚೆ ದಡದಲ್ಲಿ ಸಿಖ್ಖರು ಇದೇ ಮಾತಿಗೆ ಬೇರೆ ಲಿಪಿ ಕಟ್ಟಿಕೊಂಡು ಪುಸ್ತಕಗಳನ್ನೇ ಅಚ್ಚು ಹಾಕುತ್ತಾರೆ, ನನಗೆ ಒಂದು ಕಾಗದಕ್ಕೇ ಬೆವರು ಕಿತ್ತುಬರುತ್ತಿದೆ. ಕಾಗುಣಿತ ನೋಡಬೇಡ, ಜೋರಾಗಿ ಓದಿಕೊ, ಅರ್ಥವಾಗುತ್ತದೆ.

ಬೇಬೇ ತೀರಿಕೊಂಡ ನಲವತ್ತನೆಯ ದಿನದ ಕಾರ್ಯ ಚೆನ್ನಾಗಿ ಆಯಿತು. ನಿನಗೆ ರಜೆ ಸಿಗಲಿಲ್ಲವೆಂದು ಯಾರೂ ಏನೂ ಅನ್ನಲಿಲ್ಲ. ನಿನ್ನ ಹೆಂಡತಿಯನ್ನೂ ಅನ್ನಲು ಬಿಡಲಿಲ್ಲ ನಾನು. ಬೇಬೇಯನ್ನು ಮೀಯಿಸಿದ್ದು ರುಖ್ಸಾನಾಳೇ. ಹಾಸಿಗೆ ಹಿಡಿದ ಮೇಲೆ ಒಂದು ದಿನವೂ ಮುಖ ಸಿಂಡರಿಸದೆ ಎಲ್ಲ ಬಳಿದವಳು ಅವಳು. ಮಾತಿನ ವಿಷಯ ಒಂದಿತ್ತು, ಅದು ನಿನಗೂ ಗೊತ್ತು. ನಿಮ್ಮ ಹುಮಾಳನ್ನು ಶಾಲೆಗೆ ಸೇರಿಸಲು ಕರೆದುಕೊಂಡು ಹೋದಾಗ, ಚಿತ್ರದಲ್ಲಿದ್ದ ಮಂಚ ನೋಡಿ ಮಗು ಬೇಬೇ ಹಾಗೆಯೇ "ಮಂಜಿ" ಅಂದಿತಂತೆ. ಅಲ್ಲಿದ್ದ ಟೀಚರಮ್ಮ ನಕ್ಕು, "ಮನೇಲಿ ದನಗಿನ ಕಟ್ಟಿದ್ದೀರಾ?" ಎಂದು ಕೇಳಿದಳಂತೆ. ಆ ಶಾಲೆಯಲ್ಲಿ ಸೀಟೂ ಸಿಗಲಿಲ್ಲ. ರುಖ್ಸಾನಾ ಗುಜ್ರಾನ್‌ವಾಲಾದವಳು, ಅವಳ ತಾಯಿಮಾತೂ ಇದೇ. ಆದರೂ ಆ ದಿನ ಬಂದು ಬೇಬೇ ಕಾಲು ಒತ್ತುತ್ತಲೇ ಹೇಳಿದಳು: "ಬೇಬೇ, ಮಗು ಮುಂದೆ ಉರ್ದು ಮಾತಾಡಿ, ಇಲ್ಲಾಂದ್ರೆ ಸುಮ್ನಿದ್ದುಬಿಡಿ, ನಿಮ್ಮ ಕಾಲಿಗೆ ಬೀಳ್ತೀನಿ." ಬೇಬೇ ಅಂದಿದ್ದು ಇಷ್ಟೇ: "ನಂಗ್ ಬರೋದ್ ಒಂದೇ ಮಾತು ಕಣವ್ವ. ಅದು ಬ್ಯಾಡಾಂದ್ರೆ ಬಾಯಿ ಮುಚ್ಕೋತೀನಿ."

ಮುಚ್ಚಿಕೊಂಡೂ ಬಿಟ್ಟಳು, ಮಂಜೂರ್. ಇಡೀ ಊರಿಗೆ ಕೇಳುವ ಹಾಗೆ ಮಾತಾಡುತ್ತಿದ್ದವಳು ಲಾಹೋರಿಗೆ ಬಂದ ಮೇಲೆ ನಿಮ್ಮ ಆ ಎರಡು ಕೋಣೆಯಲ್ಲಿ ತಲೆಯಾಡಿಸಿಕೊಂಡು ಬದುಕಿದಳು. ಬೆಳಿಗ್ಗೆ ಹಾಲಿನವನು ಬಂದಾಗ ಮಾತ್ರ ಬಾಗಿಲಿಗೆ ಹೋಗಿ, "ಏನ್ಲಾ, ಹಾಲಿಗೆ ನೀರು ಹಾಕಿದ್ಯೋ, ನೀರಿಗೆ ಹಾಲು ಹಾಕಿದ್ಯೋ?" ಎಂದು ಮನಸಾರೆ ಬೈಯುತ್ತಿದ್ದಳು. ಅವಳು ಹೋದ ಮೇಲೆ ಅವನೂ ಸಂತಾಪ ಹೇಳಲು ಬಂದಿದ್ದ. ಕಣ್ಣೊರೆಸಿಕೊಂಡು, "ಅಕ್ಕಾ, ಈ ಓಣೀಲಿ ನಮ್ಮ ಮಾತಲ್ಲಿ ಬಯ್ಯೋರು ಇದ್ದದ್ದೇ ಅವರೊಬ್ರು. ಬೈಸ್ಕೊಳ್ಳೋಕಂತ್ಲೇ ನಿಂತಿರ್ತಿದ್ದೆ" ಅಂದ.

ಪಾರ್ಶ್ವವಾಯು ಬಡಿದ ಮೇಲೆ ಬೇಬೇಗೆ ಮಾತೇ ಹೋಯಿತು ಎಂದು ರುಖ್ಸಾನಾ ನನಗೂ ನಿನಗೂ ಹೇಳಿದ್ದಳು. ಅವಳು ಸುಳ್ಳು ಹೇಳಲಿಲ್ಲ. ಅವಳ ಎದುರಿಗೆ ಬೇಬೇ ಬಾಯಿ ತೆರೆಯುತ್ತಲೇ ಇರಲಿಲ್ಲ. ಮಧ್ಯಾಹ್ನ ರುಖ್ಸಾನಾ ಹೊಲಿಗೆ ಕೇಂದ್ರಕ್ಕೆ ಹೋದ ಮೇಲೆ ಹತ್ತಿರ ಇರುತ್ತಿದ್ದವಳು ಹುಮಾ ಒಬ್ಬಳೇ. ನನಗೆ ಫೋನ್ ಬಂದು ನಾನು ಬಸ್ಸು ಹಿಡಿದು ಬರುವ ಹೊತ್ತಿಗೆ ಬೇಬೇಗೆ ಪ್ರಜ್ಞೆ ಇರಲಿಲ್ಲ. ಕೈ ಹಿಡಿದುಕೊಂಡೆ. ಬೆಳಗಿನ ನಮಾಜಿನ ಕರೆ ಮುಗಿಯುತ್ತಿದ್ದಂತೆ ಉಸಿರು ನಿಂತಿತು. ಎಲ್ಲಿ ಮಣ್ಣು ಮಾಡುವುದು ಎಂದು ನಿನ್ನನ್ನು ಕೇಳಿದೆವು. ರಜೆಗೆ ಬಂದಾಗ ಹತ್ತಿರವಿರಲಿ ಎಂದು ಲಾಹೋರಿನಲ್ಲೇ ಮಾಡಿ ಅಂದೆ ನೀನು. ನನಗೂ ಸರಿ ಅನ್ನಿಸಿತು. ಇದನ್ನು ನೆನಪಿಟ್ಟುಕೊ: ನನಗೂ ಆಗ ಸರಿ ಅನ್ನಿಸಿತು.

ಮೂರನೆಯ ದಿನ ಹುಮಾ ನನ್ನನ್ನು ಮಹಡಿಯ ಮೇಲಕ್ಕೆ ಕರೆದುಕೊಂಡು ಹೋದಳು. ಶಾಲೆಯ ಮಗು ಹೇಗೆ ಮಾತಾಡುತ್ತದೆ ಗೊತ್ತಲ್ಲ, ಅಚ್ಚುಕಟ್ಟಾದ ಉರ್ದು. "ಅತ್ತೆ, ಅಜ್ಜಿ ನನಗೆ ಒಂದು ಕೆಲಸ ಹೇಳುತ್ತಿದ್ದರು. 'ಮಾಡು, ಮಾಡು' ಅನ್ನುತ್ತಿದ್ದರು. ಏನು ಮಾಡಬೇಕು ಅಂತ ಮಾತ್ರ ಹೇಳಲಿಲ್ಲ. ನೀರು ಕೊಟ್ಟೆ, ತಲೆ ಬಾಚಿದೆ, ಫ್ಯಾನ್ ಹಾಕಿದೆ, ಫ್ಯಾನ್ ಆರಿಸಿದೆ. ಯಾವುದೂ ಅಲ್ಲ ಅಂತ ಅಳುತ್ತಿದ್ದರು." ಅಜ್ಜಿ ಹೇಗೆ ಹೇಳಿದರು, ಹಾಗೆಯೇ ಹೇಳಿ ತೋರಿಸು ಅಂದೆ. ಮಕ್ಕಳ ಕಿವಿ ಎಷ್ಟು ಚುರುಕು! ಹುಮಾ ಬೇಬೇಯ ಹಾಗೆಯೇ ಗಲ್ಲ ಇಳಿಸಿ, ದನಿಯನ್ನು ಗಂಟಲಿನೊಳಕ್ಕೆ ತಗ್ಗಿಸಿ, "ಕರ್" ಅಂದಳು.

ನಿನಗೆ ಬಿಡಿಸಿ ಹೇಳಬೇಕೇ, ಮಂಜೂರ್? ಉರ್ದುವಿನವರು ಉಸಿರು ತಳ್ಳಿ "ಘರ್" ಎನ್ನುವುದನ್ನು ನಾವು ದನಿ ತಗ್ಗಿಸಿ "ಕರ್" ಎನ್ನುತ್ತೇವೆ. ತಗ್ಗಿಸದೆ ಅಂದರೆ ಮಾಡು, ತಗ್ಗಿಸಿ ಅಂದರೆ ಮನೆ. ಅದನ್ನು ಉರ್ದುವಿನ ಹಾಗೆ ಹೇಳಲು ಬಾರದೆ ನೀನು ಒಂದನೇ ತರಗತಿಯಲ್ಲಿ ಇಡೀ ದಿನ ಬೆಂಚಿನ ಮೇಲೆ ನಿಂತಿದ್ದೆ. ಹುಮಾಳ ಕಿವಿಗೆ ಬಿದ್ದದ್ದು ಮಾಡು ಎಂದು. ಬೇಬೇ ಕೇಳುತ್ತಿದ್ದದ್ದು ಮನೆ. ಸೊಸೆಯ ಮುಂದೆ ಬೇಡಲು ಮನಸ್ಸು ಬಾರದೆ, ದಿನಾ ಮಧ್ಯಾಹ್ನ ಒಂದು ಮಗುವಿನ ಹತ್ತಿರ ಮನೆಗೆ ಕರೆದುಕೊಂಡು ಹೋಗು ಎಂದು ಬೇಡುತ್ತಿದ್ದಳು.

ಹುಮಾಗೆ ನಾನು ಹೇಳಿದೆ: "ಹೌದು ಕಂದ, ಮಾಡು ಅಂತಾನೇ ಅಂದಿದ್ದು. ನೀನು ಮಾಡಿದ್ದೆಲ್ಲ ಅವರಿಗೆ ಸಂತೋಷಾನೇ." ರುಖ್ಸಾನಾಗೂ ತಿಳಿಸಿಲ್ಲ, ತಿಳಿದರೆ ಅವಳು ಬದುಕುವುದಿಲ್ಲ. ನಿನಗೆ ಹೇಳದೆ ಇರೋಣವೆಂದು ಈ ಕಾಗದವನ್ನು ಎಷ್ಟೋ ಸಲ ಮುಂದಕ್ಕೆ ಹಾಕಿದೆ. ಆದರೆ ಒಬ್ಬಳೇ ಹೊರಲು ಆಗುತ್ತಿಲ್ಲ, ತಮ್ಮಾ. ಇದರಲ್ಲಿ ನಿನ್ನ ತಪ್ಪಿಲ್ಲ. ನಿನ್ನ ಭಾವ ಇಲ್ಲಿ ಊರಿನಲ್ಲಿರುವ ಅಪ್ಪನ ಗೋರಿಯ ಪಕ್ಕದ ಮಣ್ಣನ್ನು ಗೋಣಿಯಲ್ಲಿ ಕಟ್ಟಿಕೊಂಡು ಹೋಗಿ ಲಾಹೋರಿನಲ್ಲಿ ಅವಳ ಮೇಲೆ ಹರಡಿ ಬಂದರು. ಏಕೆ ಎಂದು ಯಾರೂ ಕೇಳಲಿಲ್ಲ.

ಅಲ್ಲಾಹ್ ನಿನ್ನನ್ನು ಸುಖವಾಗಿಡಲಿ. ಹೊತ್ತಿಗೆ ಸರಿಯಾಗಿ ಊಟ ಮಾಡು. ಅಳಬೇಕೆನಿಸಿದರೆ ಅಳು, ಅಲ್ಲಿ ಯಾರು ನೋಡುತ್ತಾರೆ.

ನಿನ್ನ ಅಕ್ಕ,
ಸಕೀನಾ

ಮರೆತಿದ್ದೆ: ಭಾವ ಅಂಚೆಗೆ ಹೊರಟು ನಿಂತಿದ್ದಾರೆ, ಬೇಗ ಬರೆಯುತ್ತೇನೆ. ಬೇಸಿಗೆ ರಜೆಗೆ ಹುಮಾ ನನ್ನ ಹತ್ತಿರ ಬರುತ್ತಾಳೆ. "ಅಜ್ಜಿಯ ಮಾತು ಕಲಿಯಬೇಕು" ಎಂದು ಹಟ ಹಿಡಿದಿದ್ದಾಳೆ, ರುಖ್ಸಾನಾ ಕೂಡ "ಕಲ್ಸಿ ಅಕ್ಕಾ, ನಾನು ಬೇಡ ಅನ್ನಲ್ಲ" ಎಂದು ಅತ್ತಳು. ಮನೆ ಎನ್ನುವ ಮಾತು ಬಿಟ್ಟು ಯಾವ ಭಾಷೆ ಕಲಿಸಲಿ? ಅಜ್ಜಿ ಕೇಳಿದ್ದು ಏನೆಂದು ಅವಳಿಗೆ ನಾನೇ ಹೇಳಲೋ, ನೀನು ಬಂದು ಹೇಳುತ್ತೀಯೋ, ತಂದೆ ನೀನು, ಬೇಗ ತಿಳಿಸು. ನಾನು ಬಾಯಿ ಬಿಗಿಹಿಡಿದರೂ ಪಕ್ಕದ ಮನೆಯ ಮುಖ್ತಾರಾ ಬಿಡುವವಳಲ್ಲ. ಮಗು ಬಸ್ಸಿಳಿದು ಅಂಗಳಕ್ಕೆ ಕಾಲಿಟ್ಟ ಕೂಡಲೇ ಗೋಡೆಯಾಚೆಯಿಂದ ಅದೇ ಮಾತನ್ನು ಕೂಗುತ್ತಾಳೆ: "ಬಂದ್ಯೇನೇ ಕೂಸೇ? ಅಂತೂ ಮನೆಗ್ ಬಂದ್ಯಾ?"