ಬಿಳಿ ಬಟ್ಟೆ ಹಾಸಿದ ಮೇಜು

ಆಗಸ್ಟ್ 30, 2025. ಶನಿವಾರ

ಮತ್ತೊಂದು ರೊಟ್ಟಿ ಹರಿಯಿತು. ನಿತೀಶ — ನನ್ನ ಗಂಡ! ಈ ಶಬ್ದ ಬರೆಯುವಾಗ ಇನ್ನೂ ನಗು ಬರುತ್ತದೆ — ಸೋಫಾದ ಮೇಲೆ ಬಿದ್ದುಕೊಂಡು ಕಾಮೆಂಟರಿ ಹೇಳುತ್ತಿದ್ದ. "ಇದು ಶ್ರೀಲಂಕಾ. ಇದು ಆಫ್ರಿಕಾ. ಭೂಗೋಳ ಟೀಚರ್ ಆಗ್ಬೇಕಿತ್ತು ನೀನು."

"ಬಾ, ನೀನ ಬಡಿ," ಅಂದೆ. ಎದ್ದು ಬರಲಿಲ್ಲ. ಗಂಡಸು.

ಧಾರವಾಡದ ಹತ್ತಿರದ ಹಳ್ಳಿಯಲ್ಲಿ ಅಜ್ಜಿ ಬಡಿದರೆ ಇಡೀ ಓಣಿಗೆ ಕೇಳುತ್ತಿತ್ತು. ಇಲ್ಲಿ ಇಂಗ್ಲಿಷರ ನಾಡಿನ ಅಕ್ಸ್‌ಬ್ರಿಡ್ಜ್‌ನ ಈ ಫ್ಲ್ಯಾಟಿನಲ್ಲಿ ನಾನು ಬಡಿದರೆ ಕೆಳಗಿನ ಮನೆಗೆ ಕೇಳುತ್ತದೆ ಅಂತ ಇವತ್ತು ಗೊತ್ತಾಯಿತು. ಬಾಗಿಲು ಬಡಿದರು. ಕಂಪ್ಲೇಂಟ್!

ಕೆಳಗಿನ ಮನೆಯ ಅಜ್ಜ. ಎತ್ತರ, ಕಪ್ಪು ಬಣ್ಣ, ಬಿಳಿ ಮೀಸೆ, ಮನೆಯಲ್ಲೂ ಟೈ. "ಆ ಶಬ್ದ ಯಾತರದ್ದು?" ಅಂತ ಕೇಳಿದರು.

ಸಾರಿ ಸಾರಿ ಅಂತ ಹಿಟ್ಟಿನ ಕೈ ಜೋಡಿಸಿದೆ.

"ಬೇಡ, ನಿಲ್ಲಿಸಬೇಡಿ," ಅಂದರು. "ನಮ್ಮಮ್ಮ ಮೆಕ್ಕೆಜೋಳದ ರೊಟ್ಟಿ ತಟ್ಟುವಾಗ ಹೀಗೇ ಸದ್ದು ಬರ್ತಿತ್ತು. ಅರವತ್ತು ವರ್ಷ ಆಯ್ತು ಕೇಳಿ."

ಅಯ್ಯೋ, ನನಗೆ ಅಲ್ಲೇ ಅಳು ಬಂತು. ಇದ್ದುದರಲ್ಲಿ ದುಂಡಗಿದ್ದದ್ದನ್ನು ಕೊಟ್ಟೆ. (ಮಡಗಾಸ್ಕರ್.)

ಸೆಪ್ಟೆಂಬರ್ 3

ಹೆಸರು ಮಿಸ್ಟರ್ ಲೂಷಿಯಸ್ ಪೆಟ್‌ವೇ. ಅಮೆರಿಕದ ದಕ್ಷಿಣದವರು. ರಿಟೈರ್ಡ್ ವಕೀಲರು. ಎಂಬತ್ತಾರು! ಒಬ್ಬರೇ. ಹೆಂಡತಿ ಈ ಊರಿನ ನರ್ಸು, ತೀರಿಕೊಂಡು ಬಹಳ ವರ್ಷ ಆಯಿತಂತೆ.

"ಮದುವೆಯಾಗಿ ಇಲ್ಲಿಗೆ ಬಂದೆ, ಥೇಟ್ ನಿನ್ನ ಹಾಗೆ," ಅಂದರು.

"ಅಂದ್ರೆ ನೀವು ಮನೆ ಅಳಿಯ!" ಅಂದೆ. ಅರ್ಥ ಬಿಡಿಸಿ ಹೇಳಿದ ಮೇಲೆ ಕೆಮ್ಮು ಬರುವವರೆಗೆ ನಕ್ಕರು.

ನನ್ನನ್ನು "ಮಿಸ್ ಸ್ಫೂರ್ತಿ" ಅಂತ ಕರೆಯುತ್ತಾರೆ. ನಾನು ಮಿಸೆಸ್ ರೀ, ಹೊಸಾ ಮಿಸೆಸ್, ಅಂತ ಜಗಳ ಮಾಡಿದೆ. "ನಮ್ಮೂರಲ್ಲಿ ಗೌರವ ಇರೋ ಹೆಂಗಸರೆಲ್ಲ ಮಿಸ್. ನೂರು ವರ್ಷದ ಮುದುಕಿಯೂ ಮಿಸ್." ಇರಲಿ ಹಾಗಾದರೆ.

ಹಿಟ್ಟಿನ ಪ್ಯಾಕೆಟ್ ತೋರಿಸಿದೆ. ಕನ್ನಡಕ ಹಾಕಿಕೊಂಡು ಓದಿದರು — ಸೋರ್ಗಮ್. "ಇದನ್ನ ನೀವು ತಿಂತೀರಾ? ನಾವು ಇದರ ದಂಟು ಗಾಣಕ್ಕೆ ಹಾಕಿ ಪಾಕ ತೆಗೀತಿದ್ವಿ. ಹೇಸರಗತ್ತೆ ಸುತ್ತೋದು, ನಾನು ಹಿಂದೆ ಹಿಂದೆ ಓಡೋದು." ಅಲ್ಲೂ ಕೆಂಪು ಮಣ್ಣಂತೆ. ಮಳೆ ಬಂದರೆ ಬಿಳಿ ಸಾಕ್ಸ್ ಹಾಳಂತೆ. ಧಾರವಾಡದ ನನ್ನ ಸ್ಕೂಲ್ ಸಾಕ್ಸ್ ನೆನಪಾಯಿತು. ಎಷ್ಟು ಒಗೆದರೂ ಹಿಮ್ಮಡಿಯಲ್ಲಿ ಕೆಂಪು. ಅಮ್ಮ ಬೈಯುತ್ತಾ ಉಜ್ಜುವುದು...

ಚಹಾ ಆರಿತು.

ಸೆಪ್ಟೆಂಬರ್ 9

ಅವರ ಹೆಸರು ಗೂಗಲ್ ಮಾಡಿದೆ. ಮಾಡಬಾರದಿತ್ತೇನೋ. ಒಂದು ಫೋಟೊ — ತೆಳ್ಳಗಿನ ಹುಡುಗ, ಅದೇ ಟೈ, ಎರಡೂ ಕಡೆ ಪೊಲೀಸರು, ಹಿಂದೆ ಬಾಯಿ ತೆರೆದು ಕೂಗುತ್ತಿರುವ ಜನ. ಕೆಳಗೆ ಓಡಿದೆ. "ಇದು ನೀವಾ!"

"ಕೂದಲು ನೋಡಿದರೆ ನಂಬೋದು ಕಷ್ಟ," ಅಂದರು.

ಆಮೇಲೆ ಹೇಳಿದರು. ತಮ್ಮದೇ ರಾಜ್ಯದ ಲಾ ಕಾಲೇಜಿಗೆ ಅರ್ಜಿ ಹಾಕಿದರು. ಅಲ್ಲಿ ಕಪ್ಪು ಜನರಿಗೆ ಸೀಟೇ ಇರಲಿಲ್ಲ. ಮಾರ್ಕ್ಸ್ ಚೆನ್ನಾಗಿದೆ, ಆದರೆ ಬೇರೆ ರಾಜ್ಯದಲ್ಲಿ ಓದು, ಖರ್ಚು ನಾವು ಕೊಡುತ್ತೇವೆ ಅಂದರಂತೆ. ಇವರು ಕೇಸ್ ಹಾಕಿದರು. ಅವರಮ್ಮ ಬಟ್ಟೆ ಒಗೆದುಕೊಡುತ್ತಿದ್ದ ಮನೆಗಳೆಲ್ಲ ನಾಳೆಯಿಂದ ಬರಬೇಡ ಅಂದವು. ಕೆಳಗಿನ ಕೋರ್ಟಿನಲ್ಲಿ ಸೋಲು. ಮೇಲಿನ ಕೋರ್ಟಿನಲ್ಲಿ ಗೆಲುವು. ಪೊಲೀಸರ ನಡುವೆ ಮೊದಲ ದಿನ.

"ವಕೀಲ ಆದ ಮೇಲೆ ಮತ್ತೆ ಅದೇ ಕಾಲೇಜಿನ ಮೇಲೆ ಕೇಸ್ ಹಾಕಿದೆ."

"ಯಾಕೆ? ಗೆದ್ದಿದ್ರಲ್ಲ?"

"ನನ್ನೊಬ್ಬನನ್ನ ತೋರಿಸಿ, ನೋಡಿ ಬಾಗಿಲು ತೆಗೆದಿದ್ದೀವಿ ಅಂತಿದ್ರು. ನನ್ನ ಹಿಂದೆ ಬಂದವರನ್ನ ಮಾತ್ರ ಒಳಗೆ ಬಿಡ್ತಿರಲಿಲ್ಲ. ಆ ಕೇಸು ಮೊದಲನೆಯದಕ್ಕಿಂತ ಉದ್ದ ಎಳೀತು. ಕೊನೆಗೆ ಒಂದೇ ವರ್ಷ ಹನ್ನೊಂದು ಮಕ್ಕಳು ಸೇರಿದ್ರು." ಹನ್ನೊಂದು ಅನ್ನುವಾಗ ಬೆನ್ನು ನೆಟ್ಟಗಾಯಿತು.

ನಿತೀಶನಿಗೆ ಹೇಳಿದೆ. ಟಿವಿ ಆಫ್ ಮಾಡಿ ಕೇಳಿದ. ಅದಕ್ಕೇ ಇವನನ್ನು ಮದುವೆಯಾದದ್ದು!!

ಸೆಪ್ಟೆಂಬರ್ 14, ಭಾನುವಾರ

ಸುದ್ದಿ! ಆ ಕಾಲೇಜು ಅವರನ್ನು ಕರೆದಿದೆ. ಪಾಸಾಗಿ ಅರವತ್ತು ವರ್ಷ. ಸನ್ಮಾನ, ಊಟ. ಟಿಕೆಟ್ ಕಾಲೇಜಿನದೇ. ಅಕ್ಟೋಬರ್ ಕೊನೆಗೆ. ಈ ತಿಂಗಳೊಳಗೆ ಉತ್ತರ ಹೇಳಬೇಕು. ಊರು ಬಿಟ್ಟವರು ಒಮ್ಮೆಯೂ ಹೋಗಿಲ್ಲ. ಡಾಕ್ಟರು ಈ ವರ್ಷ ಹೋಗಬಹುದು ಅಂದಿದ್ದಾರಂತೆ, ಮುಂದಿನ ವರ್ಷದ ಮಾತು ಆಡಲಿಲ್ಲವಂತೆ.

"ಅಮ್ಮನ ಸಮಾಧಿ ನೋಡಬೇಕು," ಅಂದರು. "ಆ ಮಣ್ಣಿನ ವಾಸನೆ ಒಂದ್ಸಲ... ಬಹುಶಃ ಹೋಗ್ತೀನಿ."

ಬಹುಶಃ ಅಲ್ಲ, ಹೋಗಲೇಬೇಕು ಅಂದೆ. ಹೋಗುವ ಮುಂಚೆ ನಮ್ಮ ಮನೆಯಲ್ಲಿ ಊಟ. ಬರುವ ಭಾನುವಾರ. ನಮ್ಮ ಸಂಸಾರದ ಮೊದಲ ಅತಿಥಿ!

ಸೆಪ್ಟೆಂಬರ್ 20

ಕಾಶವ್ವಜ್ಜಿಗೆ ವಿಡಿಯೊ ಕಾಲ್. ಫೋನು ಕಿವಿಗೆ ಹಿಡಿದಿದ್ದಳು, ಪೂರ್ತಿ ಹೊತ್ತು ಅವಳ ಓಲೆ ನೋಡಿದೆ.

"ಹೊಸಾ ಸಂಸಾರ, ಹಿರ್ಯಾರು ಉಣ್ಣಾಕ ಬರ್ತಾರಂದ್ರ ಸಣ್ಣ ಮಾತಲ್ಲ ತಂಗಿ. ಮದಲ ಅವರಿಗೆ ಬಡಸ್ಬೇಕು. ಅವರು ಉಂಡು ಎದ್ದಮ್ಯಾಲೆ ನೀವು. ಜೋಡೀಲೆ ಗಬಕ್ನ ಕುಂತು ತಿನ್ನಾಕ ಹೋಗಬ್ಯಾಡ್ರಿ, ಮರ್ಯಾದಿ ಅಲ್ಲ."

"ಹೂಂ ಅಜ್ಜಿ. ನಿತೀಶಗೂ ಹೇಳ್ತೀನಿ."

"ಗಂಡನ್ನ ಹೆಸರು ಹಿಡದು ಕರೀತಾಳ ನೋಡು, ಬಜಾರಿ!"

ಮದುವೆಯ ಬೆಳ್ಳಿ ತಾಟು ಹೊರಗೆ ತೆಗೆದೆ. ಮೇಜಿಗೆ ಹೊಸ ಬಿಳಿ ಬಟ್ಟೆ ತಂದೆ. ಎಣ್ಣೆಗಾಯಿ, ಶೇಂಗಾ ಚಟ್ನಿ, ಸಿಹಿಗೆ ಮಾದಲಿ. ಮೇಜನ್ನು ಕಿಟಕಿ ಪಕ್ಕ ಎಳೆದೆವು, ಹೊರಗಿನ ಮರ ಕಾಣಲಿ ಅಂತ. ಎಷ್ಟು ಚಂದ!

ಸೆಪ್ಟೆಂಬರ್ 21, ಭಾನುವಾರ. ಸಂಜೆ

ಏನೋ ಸರಿಹೋಗಲಿಲ್ಲ.

ನಗುತ್ತಲೇ ಬಂದರು. ನನಗೆ ಹೂವು, ನಿತೀಶನಿಗೆ ಒಂದು ಹಳೇ ಟೈ. ಮೇಜಿನ ಹತ್ತಿರ ಬಂದವರು ನಿಂತರು. ಒಂದು ಕುರ್ಚಿ, ಒಂದು ತಾಟು.

"ನೀವು?" ಅಂದರು.

"ನಾವು ಆಮೇಲೆ. ನಮ್ಮಲ್ಲಿ ಅತಿಥಿಗಳ ಜೊತೆ ಕೂತು ಊಟ ಮಾಡಲ್ಲ," ಅಂದೆ. ಎಂಥ ಹೆಮ್ಮೆ ನನಗೆ! "ಈ ತಾಟು ನಿಮಗೇ ಅಂತ ಬೇರೆ ಇಟ್ಟಿದ್ದು," ಅಂತಲೂ ಸೇರಿಸಿದೆ.

ಕೂತರು. ನಾನೊಂದು ಕಡೆ, ನಿತೀಶ ಒಂದು ಕಡೆ ನಿಂತು ಬಡಿಸಿದೆವು. ರುಚಿ ಹೇಗಿದೆ ಅಂದರೆ ತಲೆ ಆಡಿಸಿದರು. ಕಿಟಕಿ ಕಡೆ ನೋಡಲೇ ಇಲ್ಲ. ತಾಟು ನೋಡಿಕೊಂಡು, ಪರೀಕ್ಷೆ ಬರೆಯುವವರ ಹಾಗೆ ತಿಂದರು. ಮಾದಲಿ ಹಾಗೇ ಬಿಟ್ಟರು. ಎದ್ದರು. "ಥ್ಯಾಂಕ್ ಯೂ, ಮ್ಯಾಮ್." ಮಿಸ್ ಸ್ಫೂರ್ತಿ ಅನ್ನಲಿಲ್ಲ.

ಆಮೇಲೆ ನಾವಿಬ್ಬರೂ ಕೂತೆವು. "ವಯಸ್ಸಾಗೇತಿ, ದಣಿದಾರ," ಅಂದ ನಿತೀಶ. ಅವನೂ ಮಾದಲಿ ಮುಟ್ಟಲಿಲ್ಲ.

ಸೆಪ್ಟೆಂಬರ್ 23

ಲಿಫ್ಟಿನಲ್ಲಿ ಸಿಕ್ಕರು. ಟಿಕೆಟ್ ಬಂತಾ ಅಂದೆ.

"ಹೋಗಲ್ಲ. ಮನಸ್ಸು ಬದಲಾಯಿಸಿದೆ."

ಬಾಗಿಲು ತೆರೆಯಿತು, ಹೋದರು.

ಸೆಪ್ಟೆಂಬರ್ 27

ಮನಸ್ಸು ತಡೆಯಲಿಲ್ಲ. ಹೋಗಿ ಬಾಗಿಲು ಬಡಿದೆ. ನಾನೇನು ತಪ್ಪು ಮಾಡಿದೆ, ಹೇಳಿಬಿಡಿ, ಇಲ್ಲಾಂದ್ರೆ ಇಲ್ಲೇ ಮೆಟ್ಟಿಲ ಮೇಲೆ ಕೂತು ಅಳ್ತೀನಿ ಅಂದೆ. ಆಗಲೇ ಅಳುತ್ತಿದ್ದೆ.

ಒಳಗೆ ಕರೆದರು. ಯಾವತ್ತೂ ಹೇಳದ್ದನ್ನು ಹೇಳಿದರು.

ಕಾಲೇಜಿನ ಊಟದ ಹಾಲ್. ಇವರು ಯಾವ ಮೇಜಿಗೆ ಕೂತರೂ ಉಳಿದವರೆಲ್ಲ ಟ್ರೇ ಎತ್ತಿಕೊಂಡು ಏಳುವುದು. ಆಮೇಲೆ ಡೀನ್ ಒಂದು ಏರ್ಪಾಡು ಮಾಡಿದ. ಕಿಟಕಿ ಪಕ್ಕ ಒಂದು ಮೇಜು. ಬಿಳಿ ಬಟ್ಟೆ. ಇವರಿಗೇ ಅಂತ ಬೇರೆ ತಟ್ಟೆ, ಬೇರೆ ಗ್ಲಾಸು. ಬಡಿಸುವವನು ಪಕ್ಕದಲ್ಲೇ ನಿಂತಿರುತ್ತಿದ್ದ. "ನಿಮ್ಮ ಅನುಕೂಲಕ್ಕೆ, ಮಿಸ್ಟರ್ ಪೆಟ್‌ವೇ" ಅಂದನಂತೆ ಡೀನ್. ಓದು ಮುಗಿಯುವವರೆಗೂ ಅಲ್ಲೇ, ಒಬ್ಬರೇ.

"ಕ್ಲಾಸಿಗೆ ಸೇರಿಸಿಕೊಳ್ಳಿ ಅಂತ ಕೋರ್ಟು ಆರ್ಡರ್ ಮಾಡ್ತು. ಪಕ್ಕದಲ್ಲಿ ಕೂತು ತಿನ್ನಿ ಅಂತ ಯಾರು ಆರ್ಡರ್ ಮಾಡ್ತಾರೆ?"

ನಾನು ಬಾಯಿ ಮೇಲೆ ಕೈ ಇಟ್ಟುಕೊಂಡೆ. ಕಿಟಕಿ. ಬಿಳಿ ಬಟ್ಟೆ. ಬೇರೆ ತಾಟು. ಪಕ್ಕದಲ್ಲಿ ನಿಂತ ನಾವು.

ನಮ್ಮ ಪದ್ಧತಿ, ದೊಡ್ಡವರಿಗೆ ಕೊಡುವ ಗೌರವ ಅಂತೆಲ್ಲ ತೊದಲಿದೆ. "ಗೊತ್ತು," ಅಂದರು. "ನಿನ್ನ ಮುಖ ನೋಡಿದರೇ ಗೊತ್ತಾಗ್ತಿತ್ತು. ತಲೆಗೆ ಗೊತ್ತಿತ್ತು, ಗಂಟಲಿಗೆ ಗೊತ್ತಾಗಲಿಲ್ಲ. ಅಲ್ಲಿಗೆ ಹೋದರೂ ಗೌರವ ಅಂತ ಎತ್ತರದಲ್ಲಿ ಬಿಳಿ ಬಟ್ಟೆ ಹಾಸಿ ಕೂರಿಸ್ತಾರೆ. ಅದೇ ಹಾಲ್. ಎಲ್ಲರೂ ನೋಡ್ತಿರ್ತಾರೆ. ನನ್ನಿಂದ ಆಗಲ್ಲ, ಮಿಸ್ ಸ್ಫೂರ್ತಿ."

ಅವರ ಊರನ್ನೇ ನಾನು ಕಸಿದುಕೊಂಡೆ.

ಸೆಪ್ಟೆಂಬರ್ 28, ಬೆಳಿಗ್ಗೆ

ಅಜ್ಜಿಗೆ ಫೋನ್ ಮಾಡಿ ಜಗಳ ತೆಗೆದೆ. ನಿನ್ನ ಮರ್ಯಾದಿ ಏನು ಮಾಡಿತು ನೋಡು ಅಂತ. ಎಲ್ಲ ಕೇಳಿದ ಮೇಲೆ ಅಂದಳು:

"ನಮ್ಮ ಹಿತ್ತಲ ಗ್ವಾಡಿ ಗೂಡಿನ್ಯಾಗೂ ಒಂದು ಬ್ಯಾರೆ ತಾಟು ಇರ್ತಿತ್ತವ್ವ. ಹೊಲಕ್ಕ ದುಡಿಯಾಕ ಬರ್ತಿದ್ದ ಶಾಂತಪ್ಪಗ. ಅಂವ ಕೇರಿಯಾಂವ, ಒಳಗ ಕರೀತಿದ್ದಿಲ್ಲ. ಉಂಡು, ತಾನ ತೊಳದು, ತಿರುಗಿ ಇಡ್ತಿದ್ದ. ನಾನ ಮ್ಯಾಲಿಂದ ನೀಡ್ತಿದ್ದೆ." ಆಮೇಲೆ, "ಅಂವಗೂ ಗಂಟಲ ಹಿಡೀತಿತ್ತೇನೋ. ನಾ ಕೇಳೇ ಇಲ್ಲ."

ಆ ಮನೆ, ಆ ಹಿತ್ತಲು, ಬೇಸಿಗೆ ಸೂಟಿಗೆ ಹೋದಾಗ ನಾನು ಆಡಿದ ಆ ಗೋಡೆ... ಎಷ್ಟು ಸಲ ನೆನಸಿಕೊಂಡಿದ್ದೇನೆ ಇಲ್ಲಿ ಕೂತು. ಆ ಗೂಡು ನನ್ನ ನೆನಪಿನಲ್ಲಿ ಇಲ್ಲವೇ ಇಲ್ಲ.

"ಹೋಗು, ಅವರ ಬಾಜೂ ಕುಂತು ಉಣ್ಣು," ಅಂದಳು ಅಜ್ಜಿ. "ನಾ ಹೇಳೀನಿ ಅಂತ ಹೇಳು."

ಸೆಪ್ಟೆಂಬರ್ 28, ಸಂಜೆ

ರೊಟ್ಟಿ, ಪಲ್ಯ, ಎಲ್ಲ ಒಂದೇ ಡಬ್ಬಿಯಲ್ಲಿ. ಇಬ್ಬರೂ ಕೆಳಗೆ ಹೋದೆವು. ಅವರ ಅಡುಗೆಮನೆಯ ಪುಟ್ಟ ಮೇಜು, ಮೂವರ ಮೊಣಕಾಲೂ ತಾಗುತ್ತವೆ. ಎಲ್ಲರಿಗೂ ಬೇರೆ ತಟ್ಟೆ ಯಾಕೆ ಅಂತ ನಿತೀಶ ಡಬ್ಬಿಯನ್ನೇ ನಡುವೆ ಇಟ್ಟ. ಅವನ ಕೈ, ನನ್ನ ಕೈ, ಅವರ ಕೈ. ದೊಡ್ಡ ಎಣ್ಣೆಗಾಯಿಯನ್ನು ನಿತೀಶ ತನ್ನ ಕಡೆ ಎಳೆದುಕೊಂಡರೆ ಮಿಸ್ಟರ್ ಪೆಟ್‌ವೇ ರೊಟ್ಟಿಯ ತುದಿಯಿಂದ ವಾಪಸ್ ಎಳೆದರು. "ಅಬ್ಜೆಕ್ಷನ್!"

ನಕ್ಕರು. ಆಗ ಹೇಳಿದೆ. "ಅವರು ಹಾಕಿದ ಕುರ್ಚಿಯಲ್ಲೇ ಯಾಕೆ ಕೂರಬೇಕು? ಎರಡು ಸಲ ಕೋರ್ಟಿಗೆ ಎಳೆದವರು ನೀವು. ಎಲ್ಲಿ ಕೂರಬೇಕು ಅಂತ ಒಂದು ಮಾತು ಹೇಳೋಕೆ ಆಗಲ್ವಾ?"

ತಿನ್ನುವುದು ನಿಲ್ಲಿಸಿ ನನ್ನನ್ನೇ ನೋಡಿದರು. "ನೀನು ಲಾ ಓದಬೇಕಿತ್ತು."

"ಭೂಗೋಳ ರೀ, ಭೂಗೋಳ," ಅಂದ ನಿತೀಶ.

ಸೆಪ್ಟೆಂಬರ್ 30

ಫೋನು ಸ್ಪೀಕರ್‌ನಲ್ಲಿ ಹಾಕಿ ಮಾತಾಡಿದರು. ಈಗಿನ ಡೀನ್ ಒಬ್ಬ ಹೆಂಗಸು, ದನಿ ಮೆತ್ತಗೆ. ಇವರ ಷರತ್ತು — ವೇದಿಕೆ ಬೇಡ, ಮುಂಚೆ ಯಾರಿಗೂ ಹೇಳಬೇಡಿ. ಮಾಮೂಲಿ ದಿನದ ಮಧ್ಯಾಹ್ನ, ಮಕ್ಕಳು ಊಟ ಮಾಡುವ ಹೊತ್ತಿಗೆ ನಾನೇ ಟ್ರೇ ಹಿಡಿದು ಸಾಲಿನಲ್ಲಿ ನಿಲ್ಲುತ್ತೇನೆ. ಹಾಲ್ ನಡುವೆ ಒಂದು ಖಾಲಿ ಮೇಜಿಗೆ ಕೂರುತ್ತೇನೆ.

"ಯಾರೂ ಬಂದು ಕೂರದೇ ಇದ್ದರೆ?" ಅಂದರು ಡೀನ್.

"ಅದನ್ನೇ ನೋಡೋಕೆ ಬರ್ತಿರೋದು, ಮ್ಯಾಮ್."

ಹೋಗ್ತಿದ್ದಾರೆ! ಹೋಗ್ತಿದ್ದಾರೆ!! ಆದರೆ ಕೂರದಿದ್ದರೆ? ನಿತೀಶ ಈಗಿನ ಮಕ್ಕಳು ಯಾರ ಕಡೆಯೂ ನೋಡಲ್ಲ, ಫೋನ್ ನೋಡ್ತಾರೆ ಅಂದ. ದಿಂಬು ಎಸೆದೆ.

ಅಕ್ಟೋಬರ್ 22

ಅವರ ವಾಟ್ಸಾಪ್. ಅಮ್ಮನ ಸಮಾಧಿಯ ಫೋಟೊ. ಕೆಳಗೆ ಅವರ ಕಪ್ಪು ಬೂಟು, ಅಂಚಿಗೆಲ್ಲ ಕೆಂಪು ಮಣ್ಣು. ಬೇರೆ ಒಂದು ಅಕ್ಷರ ಇಲ್ಲ. ಎಷ್ಟು ಸಲ ನೋಡಿದೆನೋ.

ಅಕ್ಟೋಬರ್ 24, ಶುಕ್ರವಾರ. ಸಂಜೆ 6

ಅಲ್ಲಿ ಮಧ್ಯಾಹ್ನ. ವಿಡಿಯೊ ಕಾಲ್ ಬಂತು. ಫೋನನ್ನು ಎದುರಿಗೆ ಉಪ್ಪಿನ ಡಬ್ಬಿಗೆ ಒರಗಿಸಿಟ್ಟಿದ್ದಾರೆ. ಟೈ, ಟ್ರೇ, ಸೂಪು. ಹಿಂದೆ ದೊಡ್ಡ ಹಾಲ್, ತುಂಬಾ ಮಕ್ಕಳು, ಗಲಾಟೆ. ಇವರ ಮೇಜಿನ ಕುರ್ಚಿಗಳೆಲ್ಲ ಖಾಲಿ.

"ಯಾರಾದರೂ ಬರೋವರೆಗೆ ನೀವಿಬ್ಬರೂ ಕೂತಿರಿ," ಅಂದರು.

ನಿತೀಶ ಓಡಿ ಹೋಗಿ ಮಧ್ಯಾಹ್ನದ ಅನ್ನ ತಂದ. ಫೋನಿನ ಮುಂದೆ ಕೂತು ಉಣ್ಣತೊಡಗಿದೆವು, ಅವರೂ. ಒಬ್ಬ ಹುಡುಗ ಹತ್ತಿರ ಬಂದ — ದಾಟಿ ಹೋದ. ಇಬ್ಬರು ಹುಡುಗಿಯರು ನೋಡಿದರು, ಬೇರೆ ಕಡೆ ಹೋದರು. ಮಿಸ್ಟರ್ ಪೆಟ್‌ವೇ ಸೂಪು ಕಲಕುತ್ತಲೇ ಇದ್ದರು. ಕಳಿಸಬಾರದಿತ್ತು ಇವರನ್ನು ಅಲ್ಲಿಗೆ, ನಾನೇ, ಮತ್ತೆ ನಾನೇ...

ಬರೆಯುತ್ತಾ ಬರೆಯುತ್ತಾ ಕೇಳುತ್ತಿದ್ದೇನೆ, ಕೈ ಸುಮ್ಮನಿರುತ್ತಿಲ್ಲ. ಕುರ್ಚಿ ಎಳೆದ ಸದ್ದು. ಸ್ಕ್ರೀನಿನ ಅಂಚಿಗೆ ಒಂದು ಟ್ರೇ ಮಾತ್ರ ಕಾಣುತ್ತಿದೆ. ಯಾವುದೋ ಹುಡುಗಿಯ ದನಿ — ಇಲ್ಲಿ ಯಾರಾದರೂ ಕೂರ್ತಾರಾ ಸರ್, ಅಂತ. ಅವರು ತಲೆ ಎತ್ತಿದರು. ನಮ್ಮ ಕಡೆ ಅಲ್ಲ.

ನಿತೀಶ ನನ್ನ ಕೈ ಹಿಡಿದಿದ್ದಾನೆ, ಬರೆಯೋಕೇ ಆಗ್ತಿಲ್ಲ, ಇನ್ನೊಂದು ಕುರ್ಚಿ, ಇನ್ನೊಂ